ಗಡಿಬಿಡಿಯ ಉಪವಾಸ

ಪಶು ಆಸ್ಪತ್ರೆಯ ಹಿಂದೆ, ಗಾಡಿ ನಿಲ್ಲಿಸುವ ಜಾಗವನ್ನು ದಾಟಿದರೆ, ಒಂದು ಉದ್ದನೆಯ ಹಳೆಯ ಕಟ್ಟಡವಿತ್ತು. ಕಾಯಿಲೆ ಬಿದ್ದ ಪ್ರಾಣಿಗಳು ಆಸ್ಪತ್ರೆಯ ಮುಂಬಾಗಿಲಿಗೆ ಬರುತ್ತಿದ್ದವು. ಅಲ್ಲಿ ಉಳಿಯದೆ ಹೋದವು ಹಿಂಬಾಗಿಲಿನಿಂದ ಈ ಕಟ್ಟಡಕ್ಕೆ ಬರುತ್ತಿದ್ದವು. ಅವು ಯಾತರಿಂದ ಸತ್ತವು ಎಂದು ಕೊಯ್ದು ನೋಡಿ ಹೇಳುವುದು ಡಾಕ್ಟರಮ್ಮನ ಕೆಲಸ. ಇಪ್ಪತ್ತಮೂರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದ ಅವರಿಗೆ ಆಸ್ಪತ್ರೆಯವರು ‘ಕೊನೇ ಡಾಕ್ಟರು’ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ.

ಮನೆಯಲ್ಲಿ ಅವರಿಗೆ ಅಪ್ಪ, ಅಪ್ಪನಿಗೆ ಅವರು. ಎಂಬತ್ತು ದಾಟಿದ ಅಪ್ಪ ಒಂದು ಕಾಲದಲ್ಲಿ ದರ್ಜಿ. ಮಗಳನ್ನು ರೇಗಿಸುವುದರಲ್ಲಿ ಅವರ ಕತ್ತರಿ ಇನ್ನೂ ಹರಿತವಾಗಿತ್ತು. “ನೀನು ಅದೃಷ್ಟವಂತೆ ಮಗಳೇ. ನಿನ್ನ ಹತ್ತಿರ ಬಂದ ಒಬ್ಬ ರೋಗಿನೂ ಇವತ್ತಿನವರೆಗೆ ತಿರುಗಿ ಬಂದು ದೂರು ಹೇಳಿಲ್ಲ. ನನ್ನ ಗಿರಾಕಿಗಳು ಹಾಗಿರಲಿಲ್ಲಮ್ಮ. ತೋಳು ಬಿಗಿ, ಕುತ್ತಿಗೆ ಸಡಿಲ ಅಂತ ಬಾಗಿಲು ಸವೆಸೋರು.”

ಡಾಕ್ಟರಮ್ಮನಿಗೆ ಒಂದೇ ಒಂದು ಹುಚ್ಚು: ಯಕೃತ್ತಿನ ಕೊಬ್ಬು. ತಿನ್ನುವುದನ್ನು ಬಿಟ್ಟ ಪ್ರಾಣಿಯ ಮೈಯಲ್ಲಿ ಶೇಖರವಾಗಿದ್ದ ಕೊಬ್ಬು ಕರಗಿ ರಕ್ತಕ್ಕಿಳಿದು ಯಕೃತ್ತಿಗೆ ಬಂದು ಬೀಳುತ್ತದೆ. ಅದನ್ನು ಸಾಗಹಾಕುವುದರಲ್ಲಿ ಯಾವ ಪ್ರಾಣಿಯ ಯಕೃತ್ತು ಗೆಲ್ಲುತ್ತದೆ, ಯಾವುದರದ್ದು ಸೋಲುತ್ತದೆ, ಯಾಕೆ? ಈ ಪ್ರಶ್ನೆಯನ್ನು ಹಿಡಿದು ಅವರು ಕರು ಹಾಕಿದ ಹಸುಗಳ, ಮುನಿಸಿಕೊಂಡು ಊಟ ಬಿಟ್ಟ ದಪ್ಪ ಬೆಕ್ಕುಗಳ, ಬಾತುಕೋಳಿಗಳ ಯಕೃತ್ತಿನ ಚೂರುಗಳನ್ನು ವರ್ಷಗಟ್ಟಲೆ ಕೂಡಿಟ್ಟಿದ್ದರು. ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಮೂರು ತಟ್ಟೆ ತುಂಬ ಅವೇ. ಅಲ್ಲಿನ ಅಟೆಂಡರ್, ಇನ್ನೆರಡು ವರ್ಷದಲ್ಲಿ ನಿವೃತ್ತಿಯಾಗಲಿದ್ದವನು, ತನ್ನ ಊಟದ ಡಬ್ಬಿಗೆ ಬೇರೆ ಜಾಗ ಹುಡುಕಿಕೊಂಡಿದ್ದ. “ಎಲ್ಲರ ಫ್ರಿಜ್ಜಿನಲ್ಲೂ ಬೆಣ್ಣೆ ಇರುತ್ತೆ ಮೇಡಂ. ನಿಮ್ಮದರಲ್ಲೂ ಇದೆ. ಆದರೆ ತೆಗೆದು ಸವರಿಕೊಳ್ಳೋ ಹಾಗಿಲ್ಲ.”

ಒಂದು ಸೋಮವಾರ ಬೆಳಿಗ್ಗೆ ಹಿಂಬಾಗಿಲಿಗೆ ಒಂದು ಕತ್ತೆ ಬಂತು. ಬೂದು ಬಣ್ಣದ, ಮೈ ತುಂಬಿಕೊಂಡಿದ್ದ ಹೆಣ್ಣು ಕತ್ತೆ. ಗುಡ್ಡದ ಮೇಲಿನ ಹಳೇ ಬಡಾವಣೆಯಲ್ಲಿ ಬೀದಿಗಳೆಲ್ಲ ಮೆಟ್ಟಿಲು. ಅಲ್ಲಿ ಯಾರು ಮನೆ ಕಟ್ಟಿದರೂ, ಗೋಡೆ ರಿಪೇರಿ ಮಾಡಿಸಿದರೂ, ಮರಳು ಕತ್ತೆಯ ಬೆನ್ನ ಮೇಲೆಯೇ ಏರಬೇಕು. ಆ ಕತ್ತೆಗಳ ಒಡತಿಯನ್ನು ಇಡೀ ಗುಡ್ಡ ‘ಮರಳಿನಕ್ಕ’ ಎಂದು ಕರೆಯುತ್ತಿತ್ತು. ಆಕೆಯ ಮನೆಯ ಕತ್ತೆ ಇದು. ಹೆಸರು ನಿಧಾನಿ.

ಡಾಕ್ಟರಮ್ಮ ಕೈಗೆ ಗ್ಲೌಸ್ ಏರಿಸಿಕೊಳ್ಳುತ್ತಿದ್ದಾಗಲೇ ಫೋನ್ ಹೊಡೆದುಕೊಂಡಿತು. ಅಟೆಂಡರ್ ಅದನ್ನು ಅವರ ಕಿವಿಗೆ ಹಿಡಿದ. ಆಚೆ ಕಡೆ ಆಸ್ಪತ್ರೆಯ ಮುಂಭಾಗದ ಡಾಕ್ಟರು.

“ಮೇಡಂ, ಆ ಕತ್ತೆ ಮೂರು ದಿನ ಏನೂ ತಿನ್ನದೆ ಸತ್ತಿದೆ. ಮನೇಲಿ ಇನ್ನೂ ನಾಲ್ಕಿವೆ. ಅಂಟುರೋಗ ಇರಬಹುದಾ? ಅಕ್ಕಪಕ್ಕದವರು ಗಲಾಟೆ ಮಾಡ್ತಿದ್ದಾರೆ.”

“ಕೊಯ್ಯದೆ ಹೇಗ್ರೀ ಹೇಳಲಿ? ರಿಪೋರ್ಟ್ ಬರೋವರೆಗೆ ಒಂದೊಂದನ್ನೂ ಬೇರೆ ಬೇರೆ ಕಟ್ಟಿಸಿಬಿಡಿ,” ಎಂದರು ಡಾಕ್ಟರಮ್ಮ. ಫೋನ್ ಇಟ್ಟ ಮರುಕ್ಷಣ ಆ ಮಾತನ್ನು ಮರೆತರು.

ಮರೆಯುವಂಥದ್ದೇ ಮೇಜಿನ ಮೇಲೆ ಕಾದಿತ್ತು. ಹಲ್ಲು ಸರಿಯಾಗಿತ್ತು, ಕರುಳು ಸರಿಯಾಗಿತ್ತು, ಹುಳವಿಲ್ಲ, ಗಾಯವಿಲ್ಲ. ಆದರೆ ಕಡುಗೆಂಪಗೆ, ಗಟ್ಟಿಯಾಗಿ ಇರಬೇಕಾದ ಯಕೃತ್ತು ಊದಿಕೊಂಡು, ಅಂಚು ಮೊಂಡಾಗಿ, ಮಾಗಿದ ಬಾಳೆಯ ಸಿಪ್ಪೆಯಷ್ಟು ಹಳದಿಯಾಗಿತ್ತು. ಬೆರಳಿಟ್ಟರೆ ಒಡೆಯುತ್ತಿತ್ತು. ಚಾಕು ಹೊರಗೆ ಬಂದಾಗ ಅಲಗಿಗೆಲ್ಲ ಜಿಡ್ಡು. ಒಂದು ಚೂರು ಕತ್ತರಿಸಿ ಫಾರ್ಮಲಿನ್ ತುಂಬಿದ ಜಾಡಿಗೆ ಹಾಕಿದ ಅಟೆಂಡರ್ ಕಣ್ಣು ಕಣ್ಣು ಬಿಟ್ಟ.

“ಮೇಡಂ, ಇದು ಮುಳುಗ್ತಾನೇ ಇಲ್ಲ.”

“ಕೊಬ್ಬು ತುಂಬಿದೆ ಅಣ್ಣ, ಎಲ್ಲಿಂದ ಮುಳುಗುತ್ತೆ?” ಡಾಕ್ಟರಮ್ಮನ ದನಿಯಲ್ಲಿ ಸಂಭ್ರಮವಿತ್ತು. ಇಷ್ಟು ವರ್ಷದಲ್ಲಿ ಕತ್ತೆಯ ಇಂಥ ಯಕೃತ್ತು ಅವರ ಕೈಗೆ ಸಿಕ್ಕಿದ್ದು ಇದೇ ಮೊದಲು.

ಮುಂದಿನ ಮೂರು ದಿನ ಅವರು ಹಸಿವು ಬಾಯಾರಿಕೆ ಮರೆತು ದುಡಿದರು. ಸಾಮಾನ್ಯ ವಿಧಾನದಲ್ಲಿ ಸ್ಲೈಡ್ ಮಾಡಿದರೆ ಕೊಬ್ಬು ತೊಳೆದುಹೋಗಿ ಬರೀ ತೂತುಗಳು ಕಾಣುತ್ತವೆ. ಹಾಗಾಗಿ ಚೂರನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಸೀಳಿ, ಕೊಬ್ಬಿಗೆ ಮಾತ್ರ ಹಿಡಿಯುವ ಕೆಂಪು ಬಣ್ಣ ಹಾಕಿದರು. ಸೂಕ್ಷ್ಮದರ್ಶಕದ ಕೆಳಗೆ ಸಾವಿರಾರು ಕೆಂಪು ಹನಿಗಳು, ಬಟ್ಟಲಲ್ಲಿ ಮಣಿ ಚೆಲ್ಲಿದಂತೆ. ಅಟೆಂಡರನನ್ನೂ ಕರೆದು ತೋರಿಸಿದರು. ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, “ಚೆನ್ನಾಗಿದೆ. ಸೀರೆ ಮೇಲೆ ಇಂಥ ಡಿಸೈನ್ ಬಂದರೆ ನನ್ನ ಹೆಂಡತಿ ಬಿಡಲ್ಲ,” ಎಂದ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮರಳಿನಕ್ಕ ಬಂದು ಬಾಗಿಲಲ್ಲಿ ನಿಂತಳು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು. ಉಗುರ ಸಂದಿಯಲ್ಲಿ ಮರಳು.

“ನನ್ನ ನಿಧಾನಿ ಯಾಕೆ ಹೋದಳು ಅಂತ ಕೇಳೋಕೆ ಬಂದಿಲ್ಲ ಡಾಕ್ಟರಮ್ಮ. ಅದು ಹೋಯ್ತು. ಈಗ ಇನ್ನೊಬ್ಬಳು ಬಾಯಿಗೆ ಬೀಗ ಹಾಕ್ಕೊಂಡಿದ್ದಾಳೆ. ಸೋಮವಾರದಿಂದ ಹುಲ್ಲು ಮುಟ್ಟಿಲ್ಲ. ಅವಳು ಬಸುರಿ ಬೇರೆ.”

“ಸೋಮವಾರದಿಂದನಾ?”

“ಹೂಂ. ಮುಂಭಾಗದ ಡಾಕ್ಟರು ಬೇರೆ ಬೇರೆ ಕಟ್ಟು ಅಂದರಲ್ಲ, ಅವತ್ತಿಂದ. ಹಿತ್ತಲ ಗೋಡೆ ಆಚೆ ಒಂಟಿಯಾಗಿ ಕಟ್ಟಿದೀನಿ. ಗೋಡೆ ನೋಡ್ಕೊಂಡು ನಿಂತಿರ್ತಾಳೆ.”

ಡಾಕ್ಟರಮ್ಮನಿಗೆ ಫೋನಿನಲ್ಲಿ ಆಡಿದ ಮಾತು ಈಗ ನೆನಪಾಯಿತು. ಕೆಂಪು ಹನಿಗಳನ್ನು ನೋಡುತ್ತ ಮೂರು ದಿನ ಖುಷಿಪಟ್ಟಿದ್ದರು. ಇದು ಅಂಟುರೋಗವಲ್ಲ ಎಂದು ಮೊದಲ ದಿನವೇ ಗೊತ್ತಾಗಿದ್ದರೂ ಹೇಳಿ ಕಳಿಸುವುದು ಹೊಳೆದೇ ಇರಲಿಲ್ಲ. ರಿಪೋರ್ಟ್ ಇನ್ನೂ ಅರ್ಧಕ್ಕೆ ನಿಂತಿತ್ತು.

ಮುಂಭಾಗದ ಡಾಕ್ಟರು ಲಸಿಕೆ ಹಾಕಲು ದೂರ ಹೋಗಿದ್ದರು, ಮಧ್ಯಾಹ್ನದವರೆಗೆ ಬರುವಂತಿರಲಿಲ್ಲ. ಡಾಕ್ಟರಮ್ಮ ಏಪ್ರನ್ ಬಿಚ್ಚಿದರು. ಸಿರಿಂಜು, ರಕ್ತದ ಟ್ಯೂಬು, ಗ್ಲೂಕೋಸ್ ಬಾಟಲಿಗಳನ್ನು ಚೀಲಕ್ಕೆ ತುಂಬಿದರು.

“ಮೇಡಂ, ಅದು ಬದುಕಿದೆ,” ಎಂದು ಅಟೆಂಡರ್ ಮೆಲ್ಲಗೆ ನೆನಪಿಸಿದ.

“ಗೊತ್ತು ಅಣ್ಣ. ಅದಕ್ಕೇ ಹೊರಟಿದ್ದು.”

ತೊಂಬತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಡಾಕ್ಟರಮ್ಮನಿಗೆ ಏದುಸಿರು ಬಂತು. ಬೀದಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ಕತ್ತೆಗಳ ರೋಗ ತಮಗೂ ಅಂಟೀತೆಂಬ ಹೆದರಿಕೆ. ಮರಳಿನಕ್ಕನ ಮನೆಯ ಹಿತ್ತಲಲ್ಲಿ ಗೋಡೆಗೆ ಹಣೆ ತಾಗಿಸುವಂತೆ ನಿಂತಿತ್ತು ಕಂದು ಬಣ್ಣದ ಕತ್ತೆ. ಹೊಟ್ಟೆ ಎರಡೂ ಕಡೆ ಉಬ್ಬಿತ್ತು, ಕಿವಿ ಜೋತುಬಿದ್ದಿತ್ತು.

“ಇವಳ ಹೆಸರು?”

“ಗಡಿಬಿಡಿ,” ಎಂದು ಮರಳಿನಕ್ಕ ಅಂದಾಗ ಇಬ್ಬರಿಗೂ ಒಂದು ಕ್ಷಣ ನಗು ಬಂತು. “ಈಗ ನೋಡಿದರೆ ನಂಬಲ್ಲ ನೀವು. ಮರಳು ಇಳಿಸೋಕೆ ಮುಂಚೆನೇ ವಾಪಸ್ ಹೊರಡೋಳು ಇವಳು.”

ಡಾಕ್ಟರಮ್ಮ ಬದುಕಿರುವ ಪ್ರಾಣಿಯ ನರಕ್ಕೆ ಸೂಜಿ ಹಾಕಿ ಇಪ್ಪತ್ತು ವರ್ಷವೇ ಆಗಿತ್ತು. ಕುತ್ತಿಗೆಯ ದಪ್ಪ ಚರ್ಮವನ್ನು ಸವರುತ್ತ, “ಒದೀತಾಳಾ?” ಎಂದು ಕೇಳಿದರು.

“ಒದ್ದರೆ ನಾನೇ ಆ ಕಾಲಿಗೆ ಮುತ್ತು ಕೊಡ್ತೀನಿ.”

ಮೊದಲನೇ ಸಲ ಸೂಜಿ ತಪ್ಪಿತು. ಎರಡನೇ ಸಲ ರಕ್ತ ಬಂತು. ಗಡಿಬಿಡಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಟ್ಯೂಬನ್ನು ಗೋಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ಇಬ್ಬರೂ ಕಾಯುತ್ತ ಕುಳಿತರು. ಅರ್ಧ ಗಂಟೆಯಲ್ಲಿ ರಕ್ತ ಕೆಳಗೆ ಕೂತು ಮೇಲೆ ತಿಳಿ ಬಂತು. ಒಣಹುಲ್ಲಿನ ಬಣ್ಣವಿರಬೇಕಾದ ಆ ತಿಳಿ ಹಾಲಿನಂತೆ ಬೆಳ್ಳಗಿತ್ತು.

“ಅಯ್ಯೋ, ರಕ್ತದಲ್ಲಿ ಹಾಲು ಹೇಗೆ ಬಂತು?”

“ಹಾಲಲ್ಲ ಅಕ್ಕ, ಕೊಬ್ಬು. ಹೊಟ್ಟೆಗೆ ಬೀಳದೆ ಇದ್ದಾಗ ಮೈಯಲ್ಲಿರೋ ಕೊಬ್ಬೆಲ್ಲ ಕರಗಿ ಲಿವರಿಗೆ ಹೋಗುತ್ತೆ. ಲಿವರು ಅದನ್ನ ಕಟ್ಟಿ ಮುಂದಕ್ಕೆ ಕಳಿಸಬೇಕು. ಕತ್ತೆಗಳಲ್ಲಿ ಇದು ಬಹಳ ಬೇಗ ಕೈಮೀರುತ್ತೆ. ಬಸುರಿ ಆದರಂತೂ ಇನ್ನೂ ಬೇಗ.”

ಮರಳಿನಕ್ಕ ಸ್ವಲ್ಪ ಯೋಚಿಸಿದಳು. “ಅಂದರೆ, ಇಳಿಸ್ಕೊಳ್ಳೋ ಆಳಿಲ್ಲದ ಮನೆ ಬಾಗಿಲಿಗೆ ನೂರು ಕತ್ತೆ ಮರಳು ತಂದು ಸುರಿದ ಹಾಗೆ. ಬಾಗಿಲೇ ಮುಚ್ಚಿಹೋಗುತ್ತೆ.”

“ಅಷ್ಟೇ.” ಇಷ್ಟು ವರ್ಷ ಇದನ್ನೇ ಹಿಡಿದು ಕೂತಿದ್ದರೂ ಇಷ್ಟು ಸಲೀಸಾಗಿ ಹೇಳಲು ತಮಗೆ ಬಂದಿರಲಿಲ್ಲವಲ್ಲ ಎನ್ನಿಸಿತು ಡಾಕ್ಟರಮ್ಮನಿಗೆ. “ನನಗೆ ಗೊತ್ತಾಗಬೇಕಾಗಿರೋದು ಒಂದೇ. ನಿಧಾನಿ ತಿನ್ನೋದನ್ನ ಬಿಟ್ಟಿದ್ದು ಯಾಕೆ? ಅದಕ್ಕೆ ಮುಂಚೆ ಮನೇಲಿ ಏನಾದರೂ ಬದಲಾಯ್ತಾ?”

“ಏನೂ ಇಲ್ಲ. ಹಿರಿಯಕ್ಕನ್ನ ತಂಗಿ ತೋಟಕ್ಕೆ ಕಳಿಸಿದ್ದು ಬಿಟ್ಟರೆ.”

“ಯಾರು ಹಿರಿಯಕ್ಕ?”

ಹಿರಿಯಕ್ಕನೂ ಕತ್ತೆಯೇ. ಎಲ್ಲಕ್ಕಿಂತ ಹಳೆಯದು. ಮಂಡಿ ನೋವು ಬಂದು ಮೆಟ್ಟಿಲು ಹತ್ತಲಾಗದೆ ಹೋದಾಗ, ಆರಾಮವಾಗಿ ಇರಲಿ ಎಂದು ಮರಳಿನಕ್ಕ ಅದನ್ನು ಊರ ಹೊರಗಿನ ತನ್ನ ತಂಗಿಯ ತೋಟಕ್ಕೆ ಬಿಟ್ಟು ಬಂದಿದ್ದಳು. ನಿಧಾನಿ, ಗಡಿಬಿಡಿ ಇಬ್ಬರನ್ನೂ ಮರಿಯಲ್ಲಿ ಮೈಗೆ ಹಚ್ಚಿಕೊಂಡು ಬೆಳೆಸಿದ್ದು ಹಿರಿಯಕ್ಕನೇ. ಮೂರೂ ಒಂದೇ ಗೋಡೆ ಪಕ್ಕ, ಒಂದರ ಬೆನ್ನ ಮೇಲೆ ಇನ್ನೊಂದು ಕತ್ತು ಇಟ್ಟುಕೊಂಡು ನಿಲ್ಲುತ್ತಿದ್ದವು. ಹಿರಿಯಕ್ಕ ಹೋದ ಎಂಟನೇ ದಿನ ನಿಧಾನಿ ಹುಲ್ಲು ಬಿಟ್ಟಿತ್ತು. ನಿಧಾನಿಯೂ ಹೋಗಿ, ಗೋಡೆಯಾಚೆ ಒಂಟಿಯಾದ ದಿನ ಗಡಿಬಿಡಿ ಬಿಟ್ಟಿತ್ತು.

ಎಲ್ಲ ಕೇಳಿ ಡಾಕ್ಟರಮ್ಮ ತಲೆ ತಗ್ಗಿಸಿದರು. “ಅಕ್ಕ, ಬೇರೆ ಬೇರೆ ಕಟ್ಟಿ ಅಂತ ಹೇಳಿದ್ದು ಮುಂಭಾಗದ ಡಾಕ್ಟರಲ್ಲ. ನಾನು. ಅವರು ನನ್ನ ಮಾತನ್ನ ನಿಮಗೆ ತಲುಪಿಸಿದರು, ಅಷ್ಟೇ.”

ಮರಳಿನಕ್ಕ ಅವರನ್ನು ದಿಟ್ಟಿಸಿ ನೋಡಿದಳು. ಆಮೇಲೆ ಎದ್ದು ಸೀರೆ ಕೊಡವಿಕೊಂಡಳು. “ಹೇಳಿದ್ದು ನೀವು, ಕಟ್ಟಿದ್ದು ನಾನು. ಕೂತು ಅತ್ತರೆ ಅವಳು ಹುಲ್ಲು ತಿಂತಾಳಾ? ನಡೀರಿ, ಬಿಚ್ಚೋಣ.”

ಕಟ್ಟು ಬಿಚ್ಚಿ ಉಳಿದ ಮೂರು ಕತ್ತೆಗಳ ನಡುವೆ ತಂದು ನಿಲ್ಲಿಸಿದರು. ಗಡಿಬಿಡಿ ಅವುಗಳತ್ತ ತಿರುಗಿಯೂ ನೋಡಲಿಲ್ಲ. ಅವು ಹೋದ ವರ್ಷ ಬಂದವು, ಅದರ ಲೆಕ್ಕಕ್ಕಿಲ್ಲ. ಮಧ್ಯಾಹ್ನ ಸುದ್ದಿ ತಿಳಿದು ಮುಂಭಾಗದ ಡಾಕ್ಟರು ಓಡೋಡಿ ಬಂದರು. ಗ್ಲೂಕೋಸ್ ಏರಿಸಿದರು. ಮೂಗಿನಿಂದ ನಳಿಕೆ ಇಳಿಸಿ ತೆಳ್ಳಗಿನ ಗಂಜಿ ಹೊಯ್ದರು. ಪರೀಕ್ಷೆಗೆ ಕಳಿಸಿದ್ದ ರಕ್ತದ ವಿಷಯವಾಗಿ ಆಸ್ಪತ್ರೆಯಿಂದ ಫೋನ್ ಬಂತು: ಅದರಲ್ಲಿ ಕೊಬ್ಬು ಇರಬೇಕಾದದ್ದಕ್ಕಿಂತ ಎಂಟು ಪಟ್ಟು.

“ನಳಿಕೆಯಲ್ಲಿ ಎಷ್ಟು ದಿನ ತಳ್ಳಬಹುದು ಮೇಡಂ?” ಎಂದರು ಅವರು ಕೈ ಒರೆಸಿಕೊಳ್ಳುತ್ತ. “ಅವಳಾಗೇ ತಿನ್ನಬೇಕು.”

“ಹಿರಿಯಕ್ಕನ್ನ ಕರೆಸೋಣ,” ಎಂದರು ಡಾಕ್ಟರಮ್ಮ.

ಮರುದಿನ ಬೆಳಿಗ್ಗೆ ತರಕಾರಿ ಸಾಗಿಸುವ ಲಾರಿಯಲ್ಲಿ ಹಿರಿಯಕ್ಕ ಮೆಟ್ಟಿಲ ಬುಡಕ್ಕೆ ಬಂದಿಳಿದಳು. ಮೂತಿಯೆಲ್ಲ ಬಿಳಿ, ಮುಖದಲ್ಲಿ ಮನೆ ಹಿರಿಯಳ ಗಾಂಭೀರ್ಯ. ಇಳಿದವಳೇ ತೊಂಬತ್ತು ಮೆಟ್ಟಿಲನ್ನು ಒಮ್ಮೆ ಕಣ್ಣೆತ್ತಿ ನೋಡಿ, ನಾಲ್ಕೂ ಕಾಲೂರಿ ನಿಂತುಬಿಟ್ಟಳು. ಮರಳಿನಕ್ಕ ಹಗ್ಗ ಎಳೆದಳು. ಅವಳ ತಂಗಿ ಕ್ಯಾರೆಟ್ ತೋರಿಸಿದಳು. ಕ್ಯಾರೆಟ್ ಹೋಯಿತು, ಕಾಲು ಕದಲಲಿಲ್ಲ. ಡಾಕ್ಟರಮ್ಮ ಮುಚ್ಚಿದ ಕಿಟಕಿಗಳತ್ತ ತಿರುಗಿ ಗಟ್ಟಿಯಾಗಿ ಕೂಗಿದರು: “ಇದು ಅಂಟುರೋಗ ಅಲ್ಲ! ನಾನು ಕೊಯ್ದು ನೋಡಿದೀನಿ, ನಾನೇ ಹೇಳ್ತಿದೀನಿ! ಯಾರಿಗೂ ಏನೂ ಆಗಲ್ಲ. ಸ್ವಲ್ಪ ಬಂದು ಕೈ ಹಾಕಿ!”

ಒಂದು ಕಿಟಕಿ ತೆರೆಯಿತು. ಆಮೇಲೆ ಇನ್ನೊಂದು. ಮೂಲೆ ಬೇಕರಿಯವನು ಹಿಟ್ಟಿನ ಕೈಯಲ್ಲೇ ಬಂದು ಹಿಂದಿನಿಂದ ತಳ್ಳಿದ. ಹಿರಿಯಕ್ಕನ ಬೆನ್ನ ಕೆಳಗೆ ಎರಡು ಬಿಳಿ ಹಸ್ತ ಮೂಡಿದವೇ ಹೊರತು ಬೇರೇನೂ ಆಗಲಿಲ್ಲ. ಏಳೆಂಟು ಜನ ಸೇರಿದರು, ಎಂಟೂ ಜನ ಎಂಟು ಥರ ಸಲಹೆ ಕೊಟ್ಟರು. ಜಪ್ಪಯ್ಯ ಅಂದರೂ ಹಿರಿಯಕ್ಕ ಜಗ್ಗಲಿಲ್ಲ. ಕೊನೆಗೆ ರೇಗಿಹೋದ ಹಿರಿಯಕ್ಕನೇ ಮೂತಿ ಎತ್ತಿ ಒಮ್ಮೆ ಅರಚಿದಳು.

ಬೀದಿ ಸುಮ್ಮನಾಯಿತು.

ಆಗ ಮೇಲಿನಿಂದ, ಬಹಳ ಮೇಲಿನಿಂದ, ತುಕ್ಕು ಹಿಡಿದ ಬಾಗಿಲು ತೆರೆದಂಥ ಒಂದು ಸಣ್ಣ ಕರಕರ ಶಬ್ದ ಬಂತು. ತಡವರಿಸಿತು. ಮತ್ತೆ ಬಂತು. ಈ ಸಲ ಅದು ಪೂರಾ ಕತ್ತೆಯ ಕೂಗು.

“ಗಡಿಬಿಡಿ!” ಎಂದಳು ಮರಳಿನಕ್ಕ. ಐದು ದಿನದಿಂದ ಅದು ಸದ್ದೇ ಮಾಡಿರಲಿಲ್ಲ.

ಹಿರಿಯಕ್ಕನ ಎರಡೂ ಕಿವಿ ನೆಟ್ಟಗಾದವು. ಮುಂದಿನ ಕಾಲು ಮೊದಲ ಮೆಟ್ಟಿಲ ಮೇಲೆ ಬಿತ್ತು. ಮಂಡಿ ಕಟಕಟ ಅಂದಿತು. ಎರಡನೆಯದು, ಮೂರನೆಯದು. ನಿಂತು ಅರಚಿದಳು, ಮೇಲಿನಿಂದ ಉತ್ತರ ಬಂತು, ಮತ್ತೆ ಹತ್ತಿದಳು. ಮೂವತ್ತನೇ ಮೆಟ್ಟಿಲ ಹೊತ್ತಿಗೆ ಹಗ್ಗ ಹಿಡಿದಿದ್ದ ಮರಳಿನಕ್ಕನೇ ಅವಳ ಹಿಂದೆ ಜಗ್ಗಿಸಿಕೊಂಡು ಹೋಗುತ್ತಿದ್ದಳು. ಬೇಕರಿಯವನು ಚಪ್ಪಾಳೆ ತಟ್ಟಿದ. ಡಾಕ್ಟರಮ್ಮ ಚಪ್ಪಲಿ ಕೈಯಲ್ಲಿ ಹಿಡಿದು, ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರುತ್ತ ಮುಂದೆ ಓಡಿದರು. ಐವತ್ತೊಂದನೇ ವಯಸ್ಸಿನಲ್ಲಿ ತಾವು ಹೀಗೆ ಓಡಬಲ್ಲೆವೆಂದು ಅವರಿಗೇ ಗೊತ್ತಿರಲಿಲ್ಲ.

ಹಿತ್ತಲಲ್ಲಿ ಹಿರಿಯಕ್ಕ ಗಡಿಬಿಡಿಯನ್ನು ಮೂತಿಯಿಂದ ಬಾಲದವರೆಗೆ ಒಮ್ಮೆ ಮೂಸಿದಳು. ಆಮೇಲೆ, ಬೈಯುವ ರೀತಿಯಲ್ಲಿ, ಅದರ ಕುತ್ತಿಗೆಯನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿದಳು. ಗಡಿಬಿಡಿ ತನ್ನ ಕತ್ತನ್ನು ಅವಳ ಬೆನ್ನ ಮೇಲೆ ಇಟ್ಟು ಕಣ್ಣು ಮುಚ್ಚಿತು. ಹತ್ತು ನಿಮಿಷ ಎರಡೂ ಹಾಗೇ ನಿಂತವು. ಹಿರಿಯಕ್ಕನಿಗೆ ಹಸಿವಾಗಿರಬೇಕು, ಪಕ್ಕದ ಹುಲ್ಲಿಗೆ ಬಾಯಿ ಹಾಕಿ ನೆಮ್ಮದಿಯಾಗಿ ಅಗಿಯತೊಡಗಿದಳು. ಗಡಿಬಿಡಿ ಅವಳ ಬಾಯನ್ನು ನೋಡಿತು. ಅವಳ ಬಾಯಿಂದ ಹೊರಗೆ ಜೋತುಬಿದ್ದಿದ್ದ ಒಂದು ಎಳೆ ಹುಲ್ಲನ್ನು ಎಳೆದುಕೊಂಡಿತು. ಅಗಿಯಿತು.

“ತಿಂದಳು!” ಎಂದು ಮುಂಭಾಗದ ಡಾಕ್ಟರು ಕಿರುಚಿದರು. ಮರಳಿನಕ್ಕ ಡಾಕ್ಟರಮ್ಮನನ್ನು ಬಾಚಿ ತಬ್ಬಿಕೊಂಡಳು.

ಅಲ್ಲಿಗೇ ಎಲ್ಲ ಸರಿಹೋಗಲಿಲ್ಲ. ಮುಂದಿನ ಎಂಟು ದಿನ ದಿನಕ್ಕೆ ಮೂರು ಸಲ ಗಂಜಿ, ಒಂದು ಸಲ ರಕ್ತ. ಬೆಳಗಿನ ಸರದಿ ಡಾಕ್ಟರಮ್ಮನದು. ದಿನವೂ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೊದಲೆರಡು ದಿನ ಹಾಲು, ಆಮೇಲೆ ನೀರು ಬೆರೆಸಿದ ಹಾಲು, ಐದನೇ ದಿನ ಅಕ್ಕಿ ತೊಳೆದ ನೀರು. ಎಂಟನೇ ದಿನ ತಿಳಿ ಎಷ್ಟು ನಿರ್ಮಲವಾಗಿತ್ತೆಂದರೆ, ಅದರಾಚೆ ಹಿಡಿದ ಕ್ಯಾಲೆಂಡರಿನ ಅಂಕಿಗಳನ್ನು ಅಟೆಂಡರ್ ಕನ್ನಡಕವಿಲ್ಲದೆ ಓದಿದ. ಅದೇ ದಿನ ಗಡಿಬಿಡಿ ಸೂಜಿ ಚುಚ್ಚಲು ಬಂದ ಡಾಕ್ಟರಮ್ಮನ ತೊಡೆಗೆ ಸರಿಯಾಗಿ ಒಂದು ಒದೆ ಕೊಟ್ಟಿತು. ನೀಲಿಗಟ್ಟಿದ ತೊಡೆ ಹಿಡಿದು ಕುಂಟುತ್ತ ಮನೆಗೆ ಬಂದವರು ಅಪ್ಪನೆದುರು ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಏನಾಯ್ತೇ?” ಅಪ್ಪ ಗಾಬರಿಯಾದರು.

“ರೋಗಿ ದೂರು ಹೇಳಿದಳು ಅಪ್ಪ.”

ಡಾಕ್ಟರಮ್ಮ ಆ ವಾರವೇ ಆಸ್ಪತ್ರೆಯಲ್ಲಿ ಒಂದು ಹೊಸ ಪದ್ಧತಿ ಮಾಡಿಸಿದರು. ಹಿಂಬಾಗಿಲಿಗೆ ಬಂದ ಪ್ರಾಣಿಯ ಬಗ್ಗೆ ಏನು ಗೊತ್ತಾದರೂ, ರಿಪೋರ್ಟಿಗೆ ಕಾಯದೆ, ಅದೇ ದಿನ ಅದರ ಮನೆಯವರಿಗೆ ಫೋನ್ ಮಾಡಿ ಹೇಳಬೇಕು. ಜೊತೆಗಿದ್ದ ಪ್ರಾಣಿಗಳು ಹೇಗಿವೆ ಎಂದು ಕೇಳಬೇಕು. ಮೊದಲ ಫೋನುಗಳನ್ನು ಅವರೇ ಮಾಡಿದರು. ಒಂದು ಮನೆಯವರು ಗಾಬರಿಯಿಂದ, “ಸತ್ತಮೇಲೂ ವಿಚಾರಿಸ್ತೀರಾ?” ಎಂದು ಕೇಳಿದ್ದೂ ಉಂಟು.

ಆರು ವಾರ ಕಳೆದ ಮೇಲೆ, ಬೆಳಿಗ್ಗೆ ಏಳು ಗಂಟೆಗೆ, ಮರಳಿನಕ್ಕನ ಫೋನ್ ಬಂತು. “ಬೇಗ ಬನ್ನಿ ಡಾಕ್ಟರಮ್ಮ, ಗಡಿಬಿಡಿ ಗಡಿಬಿಡಿ ಮಾಡ್ತಿದ್ದಾಳೆ!”

ಅವರು ಮೆಟ್ಟಿಲು ಹತ್ತಿ ತಲುಪುವಾಗ ಮುಂಗಾಲೆರಡೂ ಹೊರಗೆ ಬಂದಿದ್ದವು. ಡಾಕ್ಟರಮ್ಮ ಮರಳಿನ ಗುಡ್ಡೆಯ ಮೇಲೆ ಮಂಡಿಯೂರಿದರು. ಮಾಡುವಂಥದ್ದು ಏನೂ ಇರಲಿಲ್ಲ. ಗಡಿಬಿಡಿ ಒಮ್ಮೆ ತಿಣುಕಿತು, ಇನ್ನೊಮ್ಮೆ ತಿಣುಕಿತು. ಒದ್ದೆಯಾದ, ಹೊಳೆಯುವ, ಬರೀ ಕಿವಿ ಕಾಲುಗಳೇ ತುಂಬಿದ ಒಂದು ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು. ಸೀನಿತು.

ಡಾಕ್ಟರಮ್ಮ ಮುಂದೆ ಬಾಗಿ ಒಣಹುಲ್ಲಿನಿಂದ ಅದರ ಮೂಗು ಒರೆಸಿದರು. ಬೆಚ್ಚಗಿನ ಆ ಪುಟ್ಟ ಎದೆಯ ಮೇಲೆ ಕೈಯಿಟ್ಟಾಗ ಒಳಗೆ ಟಪಟಪ ಬಡಿಯುತ್ತಿತ್ತು.

ಮುಕ್ಕಾಲು ಗಂಟೆಯಲ್ಲಿ ಮರಿ ನಾಲ್ಕು ಸಲ ಎದ್ದು ನಾಲ್ಕು ಸಲ ಬಿತ್ತು. ಐದನೇ ಸಲ ನಿಂತು, ತೂರಾಡುತ್ತ, ನೇರವಾಗಿ ಹಿರಿಯಕ್ಕನ ಹೊಟ್ಟೆಯ ಕೆಳಗೆ ನುಗ್ಗಿ ಹಾಲು ಹುಡುಕತೊಡಗಿತು. ಹಿರಿಯಕ್ಕ ಬೆಚ್ಚಿ ತಿರುಗಿ ನೋಡಿದಳು. ಇದೇನು ಈ ವಯಸ್ಸಿನಲ್ಲಿ ಎಂಬಂಥ ಅವಳ ಮುಖ ಕಂಡು ಗೋಡೆಯ ಮೇಲೆ ಸಾಲಾಗಿ ಕೂತಿದ್ದ ಬೀದಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿರಿಯಕ್ಕ ಮಾತ್ರ ಒದೆಯಲಿಲ್ಲ. ಬಿಳಿ ಮೂತಿಯಿಂದ ಮರಿಯ ಹಿಂಭಾಗವನ್ನು ತಳ್ಳುತ್ತ, ತಳ್ಳುತ್ತ, ಅದನ್ನು ಗಡಿಬಿಡಿಯ ಹತ್ತಿರ ಕೊಂಡೊಯ್ದು ನಿಲ್ಲಿಸಿದಳು. ಮರಿ ಕೆಚ್ಚಲಿಗೆ ಬಾಯಿ ಹಾಕಿ ಚಪ್ಪರಿಸಿತು. ಬಾಲದ ತುದಿಯ ಕುಚ್ಚು ಅತ್ತ ಇತ್ತ ಆಡಿತು.

“ಕುಡೀತಾ ಇದೆ ಡಾಕ್ಟರಮ್ಮ,” ಎಂದಳು ಮರಳಿನಕ್ಕ.

“ಹೂಂ ಅಕ್ಕ, ಕುಡೀಲಿ ಬಿಡಿ,” ಎಂದು ಡಾಕ್ಟರಮ್ಮ ಮರಳಿನ ಗುಡ್ಡೆಗೆ ಒರಗಿ ಕಾಲು ಚಾಚಿದರು.